ಮೂರು ದಿನದ ಹೂವು



ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಗಿಡವೊಂದನ್ನು ಕುರಿತು ಮಾತನಾಡಲು ಹೊರಟರೆ ನಿಮಗೆ ಸಂದೇಹ ಬರುವುದು ಸಹಜ. ಸಸ್ಯಶಾಸ್ತ್ರ ನನ್ನ ವಿಷಯವಲ್ಲ, ತೋಟಗಾರಿಕೆಯೂ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಬೋಧಿಸಿದವನು ನಾನು. ಆ ಅವಧಿಯಲ್ಲಿ ನನ್ನ ಬಾಯಿಂದ ಹೊರಟ ಗಿಡಮರಗಳ ಹೆಸರಿಗೆ ಲೆಕ್ಕವಿಲ್ಲ. ಬಕುಳ, ಕುರವಕ, ಪಾದರಿ, ಸುರಹೊನ್ನೆ, ಮಾಧವಿ ಎಂದು ವನವರ್ಣನೆಯ ಪದ್ಯಗಳನ್ನು ಅರ್ಥಯಿಸುವಾಗ ಒಂದಾದಮೇಲೊಂದು ಬರುತ್ತಿದ್ದುವು. ಅವುಗಳಲ್ಲಿ ಎಷ್ಟನ್ನು ಎದುರಿಗೆ ಕಂಡರೆ ಗುರುತಿಸಬಲ್ಲೆ ಎಂಬ ಪ್ರಶ್ನೆಯನ್ನು ನಾನೇ ನನಗೆ ಹಾಕಿಕೊಂಡದ್ದಿಲ್ಲ.

ಒಂದು ದಿನ ತರಗತಿಯಲ್ಲಿ ಆ ಪ್ರಶ್ನೆ ಎದುರಾಯಿತು. ಕವಿಸಮಯಗಳನ್ನು ವಿವರಿಸುತ್ತಿದ್ದೆ. ತರುಣಿಯ ಪಾದಸ್ಪರ್ಶದಿಂದ ಅಶೋಕ ಅರಳುತ್ತದೆಂದೂ ಅವಳು ಮುಕ್ಕುಳಿಸಿದ ಮದ್ಯದಿಂದ ಬಕುಳ ಅರಳುತ್ತದೆಂದೂ ಹೇಳಿ, ಕಿಟಕಿಯ ಹೊರಗೆ ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನೆಟ್ಟಗೆ ನಿಂತು ಎಲೆಗಳನ್ನು ಇಳಿಬಿಟ್ಟಿದ್ದ ಮರಗಳನ್ನು ತೋರಿಸಿ, “ಅಗೋ, ಅಶೋಕ” ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸಾರ್, ಅದು ಅಶೋಕವಲ್ಲ. ಅಶೋಕದ ಹೂವು ಕೆಂಪು, ಗೊಂಚಲಾಗಿ ಕೊಂಬೆಗೇ ಅಂಟಿಕೊಂಡು ಬಿಡುತ್ತದೆ. ಇದರದು ಹಸಿರು ಹೂವು” ಎಂದಳು. ಅವಳ ಮಾತು ನಿಜ. ನಮ್ಮ ಊರುಗಳ ಬೀದಿಬದಿಯಲ್ಲಿ ಅಶೋಕವೆಂದು ಕರೆಸಿಕೊಳ್ಳುವ ಆ ಮರಕ್ಕೂ ಕಾವ್ಯದ ಅಶೋಕಕ್ಕೂ ನಂಟಿಲ್ಲ. ಅದು ಸೀತಾಫಲದ ಕುಟುಂಬದ್ದು, ಇದು ಹುಣಿಸೆಯ ಕುಟುಂಬದ್ದು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಯನ್ನು ಓದಿ ಸಂತೋಷಪಟ್ಟವನು ನಾನು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ವಿದ್ಯಾರ್ಥಿಗಳಿಗೆ ಹೇಳಿದವನೂ ನಾನೇ. ಆದರೆ ಅದರಲ್ಲಿಯ ಹಾಸ್ಯವನ್ನು ಸವಿದು ಗಿಡಗಳನ್ನು ಹಾಗೆಯೇ ದಾಟಿ ಹೋಗಿದ್ದೆನೆಂಬುದು ಆ ದಿನ ಅರಿವಾಯಿತು.

ಈ ನಾಚಿಕೆಯನ್ನು ಮೊದಲೇ ಹೇಳಿಕೊಂಡದ್ದೇಕೆಂದರೆ, ಇಂದು ನಾನು ಹೇಳಹೊರಟಿರುವುದು ನಾನು ನಿಜವಾಗಿ ಗುರುತಿಸಲು ಕಲಿತ ಮೊದಲನೆಯ ಗಿಡದ ಸಂಗತಿ. ಕಲಿಸಿದವಳು ನನ್ನ ಅಕ್ಕ.

ಅಕ್ಕನ ಮನೆ ತೀರ್ಥಹಳ್ಳಿಯ ಕಡೆ, ಅಡಕೆ ತೋಟದ ಮೇಲುಗಡೆಯಲ್ಲಿ. ಬಾವಿಕಟ್ಟೆಯ ಪಕ್ಕದಲ್ಲಿ, ಮಧ್ಯಾಹ್ನದ ಬಿಸಿಲು ಬೀಳದ ಕಡೆ, ಒಂದು ಪೊದೆಯಿದ್ದಿತು. ಭಾವನವರು ಕೊಪ್ಪದ ಹತ್ತಿರದ ಯಾವುದೋ ಕಾಫಿ ತೋಟದ ಬಂಗಲೆಯಿಂದ ತಂದು ನೆಟ್ಟದ್ದು. ಆಳೆತ್ತರಕ್ಕಿಂತ ತುಸು ಕಡಿಮೆ. ತೊಗಲಿನಂತೆ ದಪ್ಪನಾದ, ಮೇಲೆ ಕಡುಹಸುರು, ಕೆಳಗೆ ತಿಳಿಹಸುರು ಬಣ್ಣದ ಎಲೆಗಳು. ಹೂವಿಲ್ಲದಾಗ ಯಾರೂ ಎರಡನೆಯ ಸಲ ನೋಡದ ಗಿಡ. ಆದರೆ ಯುಗಾದಿಯ ಆಸುಪಾಸಿನಲ್ಲಿ ಎರಡು ಮಳೆ ಬಿದ್ದರೆ ಅದೇ ಗಿಡ ಎಲೆ ಕಾಣದಂತೆ ಹೂ ಬಿಡುತ್ತಿತ್ತು. ಒಂದೇ ಕೊಂಬೆಯಲ್ಲಿ ಕಡುನೇರಳೆಯ ಹೂ, ಅದರ ಮಗ್ಗುಲಿಗೆ ತಿಳಿನೇರಳೆ, ಅದರಾಚೆಗೆ ಅಚ್ಚಬಿಳಿ.

ನಾನು ಅದನ್ನು ಮೊದಲು ನೋಡಿದಾಗ, “ಯಾರೋ ಮೂರು ಗಿಡಗಳನ್ನು ಸೇರಿಸಿ ಕಸಿ ಕಟ್ಟಿದ್ದಾರೆ” ಎಂದು ತೀರ್ಪು ಕೊಟ್ಟೆ. ಅಕ್ಕ ನಕ್ಕಳು. “ಎಂತ ಮಾರಾಯ, ಮಕ್ಕಳಿಗೆ ಪಾಠ ಹೇಳುವವನು ನೀನು! ಒಂದು ದಿನ ನೋಡಿ ಹೇಳಿದರೆ ಆಯಿತಾ? ಇದು ಮೂರು ದಿನದ ಹೂ. ಮೂರು ದಿನ ಕೂತು ನೋಡು” ಎಂದಳು. ರಜೆಯ ಕಾಲ; ಬೇರೆ ಕೆಲಸವಿರಲಿಲ್ಲ. ಅವಳೇ ಹೊಲಿಗೆಯ ಡಬ್ಬಿಯಿಂದ ದಾರ ತಂದು, ಮರುದಿನ ಅರಳಲಿದ್ದ ಮೊಗ್ಗುಗಳ ತೊಟ್ಟಿಗೆ ಕಟ್ಟಿಕೊಟ್ಟಳು. ದಾರ ಕಟ್ಟಿದ ಮೊಗ್ಗು ಮೊದಲ ದಿನ ನೇರಳೆಯಾಗಿ ಅರಳಿತು. ಎರಡನೆಯ ದಿನ ತಿಳಿಯಾಯಿತು. ಮೂರನೆಯ ದಿನ ಬೆಳ್ಳಗಾಯಿತು. ಮೂರು ಬಣ್ಣ ಮೂರು ಹೂವಿನವಲ್ಲ, ಒಂದೇ ಹೂವಿನ ಮೂರು ವಯಸ್ಸು. ಇಂಗ್ಲಿಷು ಬಲ್ಲ ತೋಟಗಾರರು ಈ ಗಿಡವನ್ನು ‘ನಿನ್ನೆ, ಇಂದು, ನಾಳೆ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅಕ್ಕನ ‘ಮೂರು ದಿನದ ಹೂ’ ನನ್ನ ಕಿವಿಗೆ ಅದಕ್ಕಿಂತ ಹಿತವಾಗಿದೆ.

ಇದರ ಶಾಸ್ತ್ರೀಯ ಹೆಸರನ್ನು ತಿಳಿಸಿದವರು ನನ್ನೊಡನೆ ನಿವೃತ್ತರಾದ ಸಸ್ಯಶಾಸ್ತ್ರದ ಅಧ್ಯಾಪಕರು. ನಾನು ಹೆಸರು ಕೇಳಿದರೆ ಅವರು ಹೂ ಕೇಳಿದರು. ಹೂವನ್ನು ಉದ್ದಕ್ಕೆ ಸೀಳಿ, ಮಸೂರದಡಿಯಲ್ಲಿ ಹಿಡಿದು, ನನ್ನ ಕೈಯಲ್ಲೇ ಎಣಿಸಿಸಿದರು. ಸಣ್ಣ ಕೊಳವೆ, ಅದರ ತುದಿಯಲ್ಲಿ ತಟ್ಟೆಯಂತೆ ಚಪ್ಪಟೆಯಾಗಿ ಹರಡಿದ ಐದು ದುಂಡು ದಳಗಳು, ಅಂಚು ತುಸು ಅಲೆಯಲೆ, ಕೊಳವೆಯ ಬಾಯಿಯ ಸುತ್ತ ಬಿಳಿಯ ಉಂಗುರ. ಎಲೆಗಳು ಎದುರುಬದುರಲ್ಲ, ಒಂದಾದಮೇಲೊಂದು. ಎಲೆ ಕಿತ್ತರೆ ನಂದಿಬಟ್ಟಲಿನಂತೆ ಹಾಲು ಬರುವುದಿಲ್ಲ. ಒಳಗೆ ಕೇಸರಗಳು ನಾಲ್ಕು, ಎರಡೆರಡರ ಜೋಡಿ. ಇದು ಬದನೆಯ ಕುಟುಂಬದ ಗಿಡವೆಂದು ಅವರು ಹೇಳಿದಾಗ ನನಗೆ ನಂಬಿಕೆಯಾಗಲಿಲ್ಲ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಉಮ್ಮತ್ತಿ ಇವೆಲ್ಲ ಇದರ ದಾಯಾದಿಗಳು. ಅವುಗಳಲ್ಲಿ ಸಾಮಾನ್ಯವಾಗಿ ಐದು ಕೇಸರ, ಇದರಲ್ಲಿ ನಾಲ್ಕು. ಆ ಒಂದು ಕೇಸರದ ಕೊರತೆ ಗುರುತಿಗೆ ದೊಡ್ಡ ಸಹಾಯ.

ಹೆಸರು ಬ್ರುನ್‌ಫೆಲ್ಸಿಯಾ. ಬ್ರೆಜಿಲ್ ದೇಶದ ಆಗ್ನೇಯ ಭಾಗದ ಕಾಡು ಇದರ ತವರು. ಪ್ರಭೇದದ ಹೆಸರು ಪಾಸಿಫ್ಲೋರಾ. ಹಳೆಯ ಪುಸ್ತಕಗಳಲ್ಲಿ ಕ್ಯಾಲಿಸಿನಾ ಎಂದಿರುತ್ತದೆ. ಪಾಸಿಫ್ಲೋರಾ ಎಂದರೆ ಲ್ಯಾಟಿನ್ನಿನಲ್ಲಿ ‘ಕೆಲವೇ ಹೂಗಳುಳ್ಳದ್ದು’. ಗೊಂಚಲಿಗೆ ಹತ್ತರವರೆಗೂ ಹೂ ಬಿಡುವ ಗಿಡಕ್ಕೆ ಈ ಹೆಸರು!

ಹೆಸರಿನ ಹಿಂದಿರುವ ಮನುಷ್ಯನ ಕತೆ ನನ್ನಂಥವನಿಗೆ ಗಿಡದಷ್ಟೇ ರುಚಿಸಿತು. ಒಟ್ಟೊ ಬ್ರುನ್‌ಫೆಲ್ಸ್ ಜರ್ಮನಿಯವನು. 1488ರಲ್ಲಿ ಹುಟ್ಟಿ 1534ರಲ್ಲಿ ತೀರಿಕೊಂಡ. ಮೊದಲು ಸನ್ಯಾಸಿ, 1521ರಲ್ಲಿ ಮಠ ಬಿಟ್ಟು ಲೂಥರನ ಪಕ್ಷ ಸೇರಿದ, ಆಮೇಲೆ ಶಾಲೆಯ ಉಪಾಧ್ಯಾಯ, ಕೊನೆಗೆ ವೈದ್ಯ. ಅವನ ಕಾಲದವರೆಗೆ ಯೂರೋಪಿನ ಮೂಲಿಕಾ ಗ್ರಂಥಗಳಲ್ಲಿಯ ಚಿತ್ರಗಳು ಬಹುಮಟ್ಟಿಗೆ ಹಳೆಯ ಚಿತ್ರದ ಪ್ರತಿ, ಆ ಪ್ರತಿಯ ಪ್ರತಿ. ನಕಲಾಗುತ್ತ ಆಗುತ್ತ ಗಿಡ ತನ್ನ ಹೋಲಿಕೆಯನ್ನೇ ಕಳೆದುಕೊಂಡಿದ್ದಿತು. ನಮ್ಮ ವನವರ್ಣನೆಗಳ ನೆನಪು ನನಗೆ ಬಂದದ್ದು ಇಲ್ಲಿಯೇ. ಮಹಾಕವಿಗಳ ಮಾತು ಬೇರೆ. ಆದರೆ ಹದಿನೆಂಟು ವರ್ಣನೆಗಳ ಲೆಕ್ಕ ತುಂಬಿಸಲು ಹಿಂದಿನ ಕಾವ್ಯದ ಮರಗಳ ಪಟ್ಟಿಯನ್ನು ತನ್ನ ಕಾವ್ಯಕ್ಕೆ ಸಾಗಿಸಿಕೊಂಡ ಕವಿಗಳೂ ನಮ್ಮಲ್ಲಿ ಇಲ್ಲದಿಲ್ಲ. ಅವರಿಂದ ನಾನು ಆ ಪಟ್ಟಿಯನ್ನು ಟಿಪ್ಪಣಿಗೆ ಸಾಗಿಸಿಕೊಂಡೆ. ನನ್ನಿಂದ ವಿದ್ಯಾರ್ಥಿಗಳು ಉತ್ತರಪತ್ರಿಕೆಗೆ.

1530ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಬ್ರುನ್‌ಫೆಲ್ಸನ ಗ್ರಂಥ ಅಚ್ಚಾಯಿತು. ಅದರ ಚಿತ್ರಗಳನ್ನು ಬರೆದವನು ಹಾನ್ಸ್ ವೈಡಿಟ್ಸ್. ಅವನು ಗಿಡವನ್ನು ಎದುರಿಗಿಟ್ಟುಕೊಂಡು ಬರೆದ. ಎಲೆ ಹರಿದಿದ್ದರೆ ಹರಿದ ಎಲೆ. ಹುಳು ತಿಂದಿದ್ದರೆ ಆ ತೂತು. ಬಾಡಿದ್ದರೆ ಬಾಡಿದ ದಳ. ಗ್ರಂಥದ ಮಾತಿನ ಭಾಗ ಮಾತ್ರ ಹಳೆಯ ಆಚಾರ್ಯರಿಂದ ಎತ್ತಿಕೊಂಡದ್ದೇ ಹೆಚ್ಚು. ಪ್ರಾಚೀನರು ವರ್ಣಿಸಿದ್ದು ಮೆಡಿಟರೇನಿಯನ್ ತೀರದ ಗಿಡಗಳನ್ನು. ಜರ್ಮನಿಯ ಹೊಲಗದ್ದೆಗಳ ಗಿಡಗಳು ಅವಕ್ಕೆ ಹೊಂದುವುದಾದರೂ ಹೇಗೆ? ಹಳೆಯ ಗ್ರಂಥಗಳಲ್ಲಿ ಹೆಸರು ಸಿಕ್ಕದ ಗಿಡಗಳಿಗೆ ಬ್ರುನ್‌ಫೆಲ್ಸ್ ‘ಬತ್ತಲೆ ಗಿಡಗಳು’ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ. ಗ್ರಂಥದ ಹೆಸರನ್ನು ಉಡದ ಗಿಡ ಅವನ ಕಣ್ಣಿಗೆ ಬತ್ತಲೆ! ಒಂದೇ ಪುಟದಲ್ಲಿ, ಕಂಡದ್ದನ್ನು ಬರೆದ ಚಿತ್ರಗಾರ ಒಂದು ಕಡೆ, ಓದಿದ್ದನ್ನು ಬರೆದ ಪಂಡಿತ ಇನ್ನೊಂದು ಕಡೆ. ನಾನು ಯಾರ ಕಡೆಯವನೆಂಬುದನ್ನು ಹೇಳಬೇಕಾದ್ದಿಲ್ಲ.

ಬ್ರುನ್‌ಫೆಲ್ಸ್ ಸತ್ತು ನೂರೈವತ್ತು ವರ್ಷಗಳ ಮೇಲೆ ಶಾರ್ಲ್ ಪ್ಲುಮಿಯೆ ಎಂಬ ಫ್ರೆಂಚ್ ಸನ್ಯಾಸಿ ಕೆರಿಬಿಯನ್ ದ್ವೀಪಗಳಿಗೆ ಮೂರು ಸಲ ಹೋಗಿ ಗಿಡಗಳನ್ನು ಸಂಗ್ರಹಿಸಿದ. 1703ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಹಿಂದಿನ ಸಸ್ಯಜ್ಞರ ಸ್ಮರಣೆಗಾಗಿ ಹೊಸ ಗಿಡಗಳಿಗೆ ಅವರ ಹೆಸರುಗಳನ್ನು ಕೊಟ್ಟ. ಬ್ರುನ್‌ಫೆಲ್ಸಿಯಾ ಬಂದದ್ದು ಹಾಗೆ. 1753ರಲ್ಲಿ ಲಿನೇಯಸ್ ಅದನ್ನು ಒಪ್ಪಿ ಉಳಿಸಿದ. ಪ್ಲುಮಿಯೆಯ ಸ್ವಂತ ಹೆಸರು ನಮ್ಮ ದೇವಸ್ಥಾನಗಳ ಅಂಗಳದಲ್ಲಿಯೇ ಇದೆ: ದೇವಗಣಗಿಲೆಯ ಶಾಸ್ತ್ರೀಯ ಹೆಸರು ಪ್ಲುಮೇರಿಯ. ಬತ್ತಲೆ ಗಿಡಗಳನ್ನು ಕಂಡು ಸಂಕಟಪಟ್ಟವನ ಹೆಸರನ್ನು, ಅವನು ಎಂದೂ ಕಾಣದ ಗಿಡವೊಂದು ಇಂದು ಉಟ್ಟುಕೊಂಡಿದೆ.

ಹೆಸರು ತಿಳಿದೊಡನೆ ಗಿಡವೇ ಕೈಗೆ ಬಂದಂತಾಯಿತೆಂದು ನಾನು ಭಾವಿಸಿದೆ; ಅದು ಎರಡನೆಯ ತಪ್ಪು. ಮೈಸೂರಿನ ನಮ್ಮ ಮನೆಗೂ ಒಂದು ಬೇಕೆಂದು ಸಸಿ ಮಾರುವವರೊಬ್ಬರಲ್ಲಿ ಬ್ರುನ್‌ಫೆಲ್ಸಿಯಾ ಎಂದು ಕೇಳಿ ತಂದೆ. ವರ್ಷ ಕಳೆದು ಹೂ ಬಿಟ್ಟಾಗ ನೇರಳೆಯ ಸುಳಿವೇ ಇಲ್ಲ. ಬಿಳಿಯಾಗಿ ಅರಳಿ, ದಿನ ಕಳೆದಂತೆ ಕೆನೆಬಣ್ಣಕ್ಕೆ, ಆಮೇಲೆ ಹಳದಿಗೆ ತಿರುಗುತ್ತಿತ್ತು. ಹಗಲೆಲ್ಲ ವಾಸನೆಯಿಲ್ಲ, ಕತ್ತಲಾದೊಡನೆ ಅಂಗಳ ತುಂಬ ಪರಿಮಳ. ಇದು ಅದೇ ಜಾತಿಯ ಬೇರೆ ಪ್ರಭೇದ, ಅಮೆರಿಕಾನಾ, ಕೆರಿಬಿಯನ್ ದ್ವೀಪಗಳದ್ದು. ಮಾರಿದವರು ಸುಳ್ಳು ಹೇಳಿರಲಿಲ್ಲ. ನಾನು ಅರ್ಧ ಹೆಸರನ್ನು ಮಾತ್ರ ಕೇಳಿದ್ದೆ. ಇದನ್ನು ರಾತ್ರಿರಾಣಿಯೆಂದೂ ಕೆಲವರು ತಿಳಿಯುತ್ತಾರೆ. ರಾತ್ರಿರಾಣಿಯದು ಹಸುರುಬಿಳಿಯ, ಕಡ್ಡಿಯಂಥ ಸಣ್ಣ ಹೂ; ಇದರದು ಅಗಲವಾಗಿ ಬಿಚ್ಚಿಕೊಂಡ ದೊಡ್ಡ ಹೂ.

ನೇರಳೆಯ ಗುಂಪಿನಲ್ಲಿಯೂ ಒಂದಕ್ಕೊಂದು ಹೋಲುವ ಪ್ರಭೇದಗಳಿವೆ. ಯೂನಿಫ್ಲೋರಾ ಎಂಬುದರ ಹೂ ಸಣ್ಣದು, ಹೆಚ್ಚಾಗಿ ಒಂಟಿಯಾಗಿಯೇ ಬಿಡುತ್ತದೆ. ಇವುಗಳನ್ನು ಬೇರ್ಪಡಿಸಿ ತಿಳಿಯುವುದು ಬಲ್ಲವರಿಗೂ ಸುಲಭವಲ್ಲ. ಅಮೆರಿಕದ ಟಿಮೊತಿ ಪ್ಲೌಮನ್ ಎಂಬ ಸಸ್ಯಶಾಸ್ತ್ರಜ್ಞ ದಕ್ಷಿಣ ಅಮೆರಿಕದ ಬ್ರುನ್‌ಫೆಲ್ಸಿಯಾಗಳನ್ನು ವಿಂಗಡಿಸಲು ವರ್ಷಗಟ್ಟಲೆ ದುಡಿದ. 1989ರಲ್ಲಿ, ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಗ್ರಂಥ ಅಚ್ಚಾದದ್ದು 1998ರಲ್ಲಿ, ಇತರರ ಸಂಪಾದನೆಯಲ್ಲಿ. ನಾವು ಗಿಡವೊಂದಕ್ಕೆ ಲೀಲಾಜಾಲವಾಗಿ ಹೆಸರು ಹೇಳುವಾಗ ಅದರ ಹಿಂದೆ ಇಂಥ ಜೀವಮಾನಗಳಿರುತ್ತವೆ.

ಅಷ್ಟರಲ್ಲಿ ಅಕ್ಕನ ಮನೆ ಮಾರುವ ಮಾತು ಬಂದಿತು. ಭಾವನವರು ತೀರಿಕೊಂಡಿದ್ದರು, ತೋಟ ನೋಡಿಕೊಳ್ಳುವವರಿಲ್ಲ, ಮಗ ಬೆಂಗಳೂರಿನಲ್ಲಿ. ಕಾಗದಪತ್ರಗಳೆಲ್ಲ ಮುಗಿಯುವುದಕ್ಕೆ ಐದಾರು ತಿಂಗಳ ಅವಕಾಶವಿತ್ತು. ಅಕ್ಕ ಯಾವುದನ್ನೂ ಬೇಕೆನ್ನಲಿಲ್ಲ. “ಬಾವಿಕಟ್ಟೆಯ ಗಿಡ ಮಾತ್ರ ಹೇಗಾದರೂ ನಿನ್ನಲ್ಲಿಗೆ ತೆಗೆದುಕೊಂಡು ಹೋಗು, ತಮ್ಮಾ. ಕೊಂಡವರು ಅಲ್ಲಿ ಕಾರು ನಿಲ್ಲಿಸುತ್ತಾರಂತೆ” ಎಂದಳು. ಹಳೆಯ ಪೊದೆಯನ್ನು ಬೇರುಸಹಿತ ಕೀಳುವ ಧೈರ್ಯ ನಮಗಾಗಲಿಲ್ಲ. ಬೆರಳುದ್ದದ ಬಲಿತ ಕಡ್ಡಿಗಳನ್ನು ಹನ್ನೆರಡು ಕುಂಡಗಳಲ್ಲಿ ಊರಿದೆ. ಬೇರು ಬಂದದ್ದು ಎರಡಕ್ಕೆ, ಉಳಿದದ್ದು ಯಾವುದೂ ಇಲ್ಲ. ಕೊನೆಗೆ ತೋಟದ ಆಳೊಬ್ಬ ಎರಡು ಕೊಂಬೆಗಳ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಸುತ್ತಿ ಗೂಟಿ ಕಟ್ಟಿದ. ಇದು ಆತುರ ಸಹಿಸುವ ಗಿಡವಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಗೂಟಿಯಲ್ಲಿ ಬೇರು ಕಾಣಿಸಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮೈಸೂರಿಗೆ ತಂದೆ.

ತಂದ ಗಿಡ ನಾಲ್ಕೇ ತಿಂಗಳಲ್ಲಿ ಹಳದಿಯಾಯಿತು. ಎಲೆಯ ನರಗಳು ಹಸುರು, ನಡುವಣ ಭಾಗವೆಲ್ಲ ಹಳದಿ. ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದೆ, ಇನ್ನಷ್ಟು ಹಳದಿಯಾಯಿತು. ಬಿಸಿಲು ಸಾಲದೆಂದು ತಾರಸಿಗೆ ಒಯ್ದೆ. ಎಲೆಯ ಅಂಚು ಸುಟ್ಟಿತು. ಅಕ್ಕ ವಾರಕ್ಕೊಮ್ಮೆ ಫೋನಿನಲ್ಲಿ, “ಗಿಡ ಹೇಗಿದೆ?” ಎಂದು ಕೇಳುತ್ತಿದ್ದಳು. “ಚೆನ್ನಾಗಿದೆ” ಎನ್ನುತ್ತಿದ್ದೆ. ಅವಳಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಅತ್ಯಂತ ಭಾರವಾದುದು ಅದು. ಆ ಹೊತ್ತಿಗೆ ಅಲ್ಲಿ ಬಾವಿಕಟ್ಟೆಯ ಪೊದೆ ಇರಲಿಲ್ಲ. ಉಳಿದದ್ದು ನನ್ನ ಕುಂಡದ್ದೊಂದೇ.

ದೋಷ ಗಿಡದ್ದಲ್ಲ, ನೀರಿನದು. ನಮ್ಮ ಕೊಳವೆಬಾವಿಯ ನೀರು ಗಡಸು. ಅದರ ಸುಣ್ಣದ ಅಂಶ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರು ಅದನ್ನು ಹೀರಲಾರದು. ಎಲೆ ಹಸುರನ್ನು ಕಟ್ಟಲಾರದು. ಈ ಗಿಡ ದೊಡ್ಡ ಮರಗಳ ನೆರಳಿನಲ್ಲಿ, ತರಗೆಲೆ ಕೊಳೆತ ಹುಳಿಮಣ್ಣಿನಲ್ಲಿ, ತೇವದ ಗಾಳಿಯಲ್ಲಿ ಹುಟ್ಟಿದ್ದು. ಮಲೆನಾಡಿನಲ್ಲಿ ಅದಕ್ಕೆ ತವರಿನ ಗುಣ ತಾನಾಗಿ ಸಿಕ್ಕಿತ್ತು. ಬಯಲುಸೀಮೆಯಲ್ಲಿ ನಾವು ಒದಗಿಸಿಕೊಡಬೇಕು. ನಾನು ಮಣ್ಣನ್ನೆಲ್ಲ ಬದಲಾಯಿಸಿ ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಸೇರಿಸಿದೆ. ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೇ ಹಾಕಿದೆ. ಬೆಳಗಿನ ಬಿಸಿಲು ಮಾತ್ರ ತಗಲುವ ಪೂರ್ವದ ಗೋಡೆಯ ಬಳಿ ಇಟ್ಟೆ. ಎರಡು ತಿಂಗಳ ಮೇಲೆ ಬಂದ ಚಿಗುರು ಹಸುರಾಗಿಯೇ ಬಂದಿತು.

ಬೆಳೆಸಬೇಕೆನ್ನುವವರಿಗೆ ಇನ್ನು ನಾಲ್ಕು ಮಾತು. ಮಣ್ಣು ಒಣಗಬಾರದು, ಬುಡದಲ್ಲಿ ನೀರೂ ನಿಲ್ಲಬಾರದು. ಕುಂಡ ತೀರ ದೊಡ್ಡದು ಬೇಡ. ಬೇರು ಸ್ವಲ್ಪ ಬಿಗಿಯಾಗಿದ್ದರೇ ಹೂ ಚೆನ್ನ. ಕೊಂಬೆ ಸವರುವುದಿದ್ದರೆ ಹೂವಿನ ಕಾಲ ಮುಗಿದೊಡನೆ ಸವರಬೇಕು; ತಡಮಾಡಿದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದಂತೆ. ಮೊಗ್ಗು ಕಟ್ಟಲು ಚಳಿಗಾಲದ ತಂಪು ರಾತ್ರಿಗಳು ಇದಕ್ಕೆ ಬೇಕು. ಆದರೆ ನೀರು ಹೆಪ್ಪುಗಟ್ಟುವ ಚಳಿಯನ್ನು ತಾಳಲಾರದಷ್ಟು ಸುಕುಮಾರ. ಇಂಗ್ಲೆಂಡಿನಲ್ಲಿ ಇದನ್ನು ಗಾಜಿನ ಮನೆಯೊಳಗೆ ಇಟ್ಟು ಸಾಕುತ್ತಾರೆ. ಬೆಂಗಳೂರು, ಮೈಸೂರು, ಕೊಡಗು, ಮಲೆನಾಡುಗಳ ಹವೆ ಇದಕ್ಕೆ ಒಪ್ಪುತ್ತದೆ. ಕೊನೆಯದಾಗಿ ಒಂದು ಎಚ್ಚರಿಕೆ: ಉಮ್ಮತ್ತಿಯ ದಾಯಾದಿಯೆಂದೆನಲ್ಲ, ವಿಷದ ಗುಣವೂ ಇದರಲ್ಲಿದೆ. ಇದರ ಕಾಯಿ, ಎಲೆಗಳನ್ನು ತಿಂದ ನಾಯಿಗಳಿಗೆ ನಡುಕ, ಸೆಳವು ಬಂದು ಪ್ರಾಣಕ್ಕೇ ಅಪಾಯವಾದದ್ದುಂಟು. ನಾಯಿಯಿರುವ ಮನೆಯವರೂ ಸಣ್ಣ ಮಕ್ಕಳಿರುವ ಮನೆಯವರೂ ಯೋಚಿಸಿ ನೆಡಬೇಕು.

ನಮ್ಮ ಗಿಡ ಮೂರನೆಯ ವರ್ಷ ಹೂ ಬಿಟ್ಟಿತು. ಆಗ ನನ್ನಲ್ಲಿಯ ಸಾಹಿತ್ಯದ ಮೇಷ್ಟ್ರು ಸುಮ್ಮನಿರಲಿಲ್ಲ. ಹೂವು ಬೆಳ್ಳಗಾಗುವುದೇಕೆ? ಮುಪ್ಪು, ಬಾಡುವಿಕೆ ಎಂದುಕೊಂಡಿದ್ದೆ. ಹಾಗಲ್ಲವೆಂದು 2005ರಲ್ಲಿ ಇಸ್ರೇಲಿನ ವಿಜ್ಞಾನಿಗಳು ತೋರಿಸಿದ್ದಾರೆ. ನೇರಳೆಗೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯ ತಾನಾಗಿ ಮಾಸಿಹೋಗುವುದಿಲ್ಲ. ದಳ ಹೊಸದಾಗಿ ಪ್ರೋಟೀನುಗಳನ್ನು ತಯಾರಿಸಿಕೊಂಡು ಅದನ್ನು ಒಡೆದುಹಾಕುತ್ತದೆ. ಆ ತಯಾರಿಕೆಯನ್ನು ತಡೆದರೆ ಬಣ್ಣ ಹೋಗುವುದೂ ತಡೆಯುತ್ತದೆ. ಅಂದರೆ ಬೆಳ್ಳಗಾಗುವುದು ಹೂವು ಮಾಡುವ ಒಂದು ಕೆಲಸ. ಈ ಮೂರು ದಿನಗಳಲ್ಲಿ ದಳ ಹಿಗ್ಗುತ್ತದೆ, ಪರಿಮಳವೂ ಹೆಚ್ಚುತ್ತದೆ.

ಇದನ್ನು ಓದಿದೊಡನೆ ನನಗೆ ರೋಮಾಂಚವಾಯಿತು. ‘ಬಣ್ಣವೇ ಕರಗಿ ಪರಿಮಳವಾಗುತ್ತದೆ’ ಎಂದು ಒಂದು ಪ್ರಬಂಧ ಬರೆಯಲು ಕುಳಿತೆ. ತಲೆಗೂದಲು ನೆರೆತ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉಪಮಾನ ಉಂಟೆ? ಒಡೆದ ವರ್ಣದ್ರವ್ಯವೇ ಸುಗಂಧವಾಗಿ ಮಾರ್ಪಡುತ್ತಿರಬಹುದೆಂಬ ಊಹೆ ವಿಜ್ಞಾನಿಗಳಲ್ಲಿಯೂ ಇದ್ದಿತಂತೆ. ಆದರೆ 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆ ಊಹೆಯನ್ನು ಅಲ್ಲಗಳೆಯಿತು. ಪರಿಮಳ ಹಳೆಯ ಬಣ್ಣದಿಂದ ಬರುವುದಲ್ಲ. ದಳ ಅದನ್ನು ಬೇರೆಯಾಗಿ, ಹೊಸದಾಗಿ ತಯಾರಿಸುತ್ತದೆ. ನನ್ನ ಪ್ರಬಂಧ ಅಲ್ಲಿಗೇ ನಿಂತಿತು. ಚಂದದ ಮಾತೊಂದು ಕೈತಪ್ಪಿದ್ದಕ್ಕೆ ಎರಡು ದಿನ ಬೇಸರವೂ ಆಯಿತು. ಅಶೋಕವಲ್ಲದ್ದನ್ನು ಅಶೋಕವೆಂದು ಎರಡನೆಯ ಸಲ ತೋರಿಸುವ ಪ್ರಸಂಗ ತಪ್ಪಿತಲ್ಲ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ.

ಕಳೆದ ಬೇಸಗೆಯಲ್ಲಿ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಅವಳಿಗೀಗ ಕಣ್ಣು ಮಂಜು. ಬಣ್ಣಗಳ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಕೈಹಿಡಿದು ಗೋಡೆಯ ಬಳಿಗೆ ಕರೆದೊಯ್ದೆ. ಅವಳು ಬರುವಳೆಂದು ನಾನು ಹಿಂದಿನ ಮೂರು ಸಂಜೆಯೂ ಮರುದಿನ ಅರಳುವ ಮೊಗ್ಗುಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದೆ. ಆದರೆ ದಾರವೂ ಅವಳ ಕಣ್ಣಿಗೆ ಕಾಣುವಂತಿರಲಿಲ್ಲ. ಅವಳು ಬೆರಳ ತುದಿಯಿಂದ ಹೂಗಳನ್ನು ತಡವುತ್ತ, ಒಂದೊಂದಕ್ಕೂ ಬಗ್ಗಿ ಮೂಸುತ್ತ ಬಂದಳು. ಒಂದು ಹೂವಿನ ಹತ್ತಿರ ನಿಂತು, “ಇದು ಮೂರನೆಯ ದಿನದ್ದು” ಎಂದಳು. ದಾರ ನೋಡಿದೆ, ಮೂರನೆಯ ದಿನದ್ದೇ. “ನಿನಗೆ ಹೇಗೆ ತಿಳಿಯಿತು, ಅಕ್ಕ?” ಎಂದೆ. “ಬೆಳ್ಳಗಾದದ್ದಕ್ಕೆ ವಾಸನೆ ಜಾಸ್ತಿ ಅಲ್ಲವಾ? ದೇವರಿಗೆ ನಾನು ಯಾವತ್ತೂ ಮೂರನೆಯ ದಿನದ್ದನ್ನೇ ಕೊಯ್ಯುತ್ತಿದ್ದದ್ದು. ನೀನು ಅಷ್ಟು ಸಲ ಬಂದಿದ್ದೆ, ಮೂಸಿ ನೋಡಲೇ ಇಲ್ಲವಾ?” ಎಂದಳು.

ಇಲ್ಲ, ನೋಡಿರಲಿಲ್ಲ. ನಲವತ್ತು ವರ್ಷ ಆ ಮನೆಗೆ ಹೋಗಿಬಂದವನು ನಾನು. ದಾರ ಕಟ್ಟಿ ಬಣ್ಣವನ್ನು ಎಣಿಸಿದ್ದೆ, ಹೆಸರಿಗಾಗಿ ಗ್ರಂಥಗಳನ್ನು ಹುಡುಕಿದ್ದೆ, ಬಗ್ಗಿ ಮೂಸಿರಲಿಲ್ಲ. ಹಳದಿ ಎಲೆಯ ಆ ದಿನಗಳ ಸುಳ್ಳನ್ನೂ ಆ ಹೊತ್ತಿನಲ್ಲಿ ಅವಳಿಗೆ ಹೇಳಿಬಿಟ್ಟೆ. “ನನಗೆ ಗೊತ್ತಿತ್ತು. ಹೂ ಬಿಟ್ಟಿತಾ ಎಂದು ಕೇಳಿದರೆ ಮಾತು ತಿರುಗಿಸುತ್ತಿದ್ದೆ” ಎಂದಳು.

ಈಗ ಅದೇ ಗಿಡದ ಒಂದು ಕೊಂಬೆಗೆ ಗೂಟಿ ಕಟ್ಟಿದ್ದೇನೆ. ಬೇರು ಬಂದರೆ ಅದು ಬೆಂಗಳೂರಿಗೆ, ಅಕ್ಕನಿರುವ ಮನೆಯ ಬಾಲ್ಕನಿಗೆ ಹೋಗಬೇಕು. ಅಲ್ಲಿ ಬಿಸಿಲು ಪೂರ್ವದಿಂದ ಬರುತ್ತದೆಯೆ, ನೀರು ಯಾವುದು ಎಂದು ಸೋದರಳಿಯನನ್ನು ವಿಚಾರಿಸಿಟ್ಟುಕೊಂಡಿದ್ದೇನೆ. ನಿಮ್ಮ ಬೀದಿಯಲ್ಲಿ, ನಿಮ್ಮ ನಂಟರ ಹಿತ್ತಿಲಲ್ಲಿ ಇಂಥದೊಂದು ಗಿಡವಿದ್ದರೆ ಅದರ ಹೆಸರನ್ನು ಅವಶ್ಯವಾಗಿ ತಿಳಿದುಕೊಳ್ಳಿ, ಪೂರ್ತಿಯಾಗಿ ತಿಳಿದುಕೊಳ್ಳಿ. ಆದರೆ ಅದಕ್ಕೆ ಮೊದಲು ಮೂರು ದಿನ ನೋಡಿ. ಮೂರನೆಯ ದಿನ ಬಗ್ಗಿ ಮೂಸಿ.